ಗುರುತಿನ ಉಂಗುರವಿಲ್ಲದೆ ಆಟವಿಲ್ಲ

2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಮೊಬೈಲಿಗೆ ವರ್ಗವಾದಾಗ ಉತ್ತರ ಕನ್ನಡದ ಕಾಡಿನ ಊರುಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿರಬಹುದು. ಅಂಥ ಊರಿನಲ್ಲಿ ಟಿ.ವಿ.ಯ ಪಕ್ಕ ಒಂದು ವಿಡಿಯೊ ಗೇಮ್ ಪೆಟ್ಟಿಗೆ ಇಟ್ಟು, ಬಾಲದಂಥ ತಂತಿಯೇ ಇಲ್ಲದ ಕಂಟ್ರೋಲರನ್ನು ಕೈಗೆ ಕೊಟ್ಟು ನೋಡಿ. ಆಟ ಸರಾಗವಾಗಿ ನಡೆಯುತ್ತದೆ. ನೆಟ್‌ವರ್ಕೇ ಇಲ್ಲದ ಕಡೆ ಇದು ಹೇಗೆ ಸಾಧ್ಯ? ಜೋಯಿಡಾ, ದಾಂಡೇಲಿ ಕಡೆಯ ಹೋಂ ಸ್ಟೇಗಳಿಗೆ ಮಳೆಗಾಲದಲ್ಲಿ ಬಂದು ಹೊರಗೆ ಕಾಲಿಡಲಾಗದೆ ಕೂತ ನಗರದ ಹುಡುಗರಿಗೂ, ಅವರನ್ನು ನೋಡುತ್ತ ನಿಂತ ಮನೆಯ ಹಿರಿಯರಿಗೂ ಏಳಬಹುದಾದ ಪ್ರಶ್ನೆ ಇದು.

ಉತ್ತರ ಸರಳ. ಕಂಟ್ರೋಲರ್ ಮಾತನಾಡುವುದು ದೂರದ ಟವರಿನ ಜೊತೆಗಲ್ಲ, ಎದುರಿಗಿರುವ ಪೆಟ್ಟಿಗೆಯ ಜೊತೆ. ಅವೆರಡರ ನಡುವೆ ಹತ್ತಾರು ಅಡಿಗಳ ಪುಟ್ಟ ರೇಡಿಯೊ ಸಂಪರ್ಕವಿದೆ. ಮೂರನೆಯವರ ಹಂಗಿಲ್ಲ. ಆದರೆ ಆ ಸಂಪರ್ಕ ಕುದುರುವ ಮೊದಲು ಎರಡೂ ಒಂದನ್ನೊಂದು ಗುರುತು ಹಿಡಿಯಬೇಕು. ಈ ಮೊದಲ ಪರಿಚಯಕ್ಕೇ 'ಪೇರಿಂಗ್' ಎನ್ನುತ್ತಾರೆ. ಕನ್ನಡದಲ್ಲಿ ಜೋಡಿ ಮಾಡುವುದು ಎನ್ನೋಣ. ಮಕ್ಕಳು ಗುಂಡಿ ಒತ್ತಿ ಕ್ಷಣದಲ್ಲಿ ಮುಗಿಸುವ ಈ ಕೆಲಸದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅಪರಿಚಿತನನ್ನು ನಂಬುವುದು ಹೇಗೆ ಎಂಬ, ಅದಕ್ಕಿಂತ ಎಷ್ಟೋ ಹಳೆಯ ಪ್ರಶ್ನೆಯೂ ಇದೆ.

ಅಶೋಕವನದ ಪರೀಕ್ಷೆ

ಆ ಹಳೆಯ ಪ್ರಶ್ನೆಯನ್ನು ನಮ್ಮವರು ರಾಮಾಯಣದಲ್ಲೇ ಕೇಳಿದ್ದಾರೆ. ಅಶೋಕವನದಲ್ಲಿ ಮರದ ಮೇಲಿಂದ ಇಳಿದು ಬಂದ ಕಪಿಯನ್ನು ಸೀತೆ ಕೂಡಲೇ ನಂಬಲಿಲ್ಲ. ಒಮ್ಮೆ ಸನ್ಯಾಸಿಯ ವೇಷಕ್ಕೆ ಮೋಸಹೋದವಳು ಅವಳು. ಇದೂ ರಾವಣನ ಇನ್ನೊಂದು ವೇಷವಾಗಿರಬಾರದೇಕೆ? ಆದ್ದರಿಂದ ರಾಮನ ಬಗ್ಗೆ ಪ್ರಶ್ನಿಸಿದಳು. ಹನುಮಂತ ಉತ್ತರಿಸಿದ, ರಾಮನ ಹೆಸರಿದ್ದ ಉಂಗುರವನ್ನು ಕೊಟ್ಟ. ಹಿಂದಿರುಗುವಾಗ ಸೀತೆ ತನ್ನ ಚೂಡಾಮಣಿಯನ್ನು ಕೊಟ್ಟದ್ದು ಮಾತ್ರವಲ್ಲ, ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಗೆಯ ಪ್ರಸಂಗವನ್ನೂ ಗುರುತಾಗಿ ಹೇಳಿ ಕಳಿಸಿದಳು. ಪಾರ್ತಿಸುಬ್ಬನ 'ಉಂಗುರಸಂಧಿ'ಯನ್ನೋ 'ಚೂಡಾಮಣಿ' ಪ್ರಸಂಗವನ್ನೋ ನೋಡಿದವರಿಗೆ ಈ ಸನ್ನಿವೇಶವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಮೂರು ಸೂಕ್ಷ್ಮಗಳನ್ನು ಗಮನಿಸಬೇಕು. ಒಂದು, ಹೆಸರು ಹೇಳಿದರೆ ಸಾಲದು; ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಎರಡು, ಗುರುತು ಎರಡೂ ಕಡೆಯಿಂದ ಆಗಬೇಕು. ಸೀತೆ ಹನುಮಂತನನ್ನು ನಂಬಬೇಕಾದಂತೆಯೇ, ಅವನು ನಿಜವಾಗಿ ಸೀತೆಯನ್ನೇ ಕಂಡುಬಂದ ಎಂಬುದನ್ನು ರಾಮನೂ ನಂಬಬೇಕು. ಮೂರು, ಉಂಗುರವನ್ನು ಕದಿಯಬಹುದು, ಆದರೆ ಇಬ್ಬರೇ ಬಲ್ಲ ಗುಟ್ಟನ್ನು ಕದಿಯುವುದು ಕಷ್ಟ. ಇಂದಿನ ಕಂಟ್ರೋಲರ್ ಮತ್ತು ಗೇಮ್ ಪೆಟ್ಟಿಗೆಗಳ ನಡುವೆ ನಡೆಯುವ ಸಂಭಾಷಣೆಯೂ ಈ ಮೂರು ಸೂತ್ರಗಳ ಮೇಲೆಯೇ ನಿಂತಿದೆ.

ತಂತಿ ಇದ್ದ ಕಾಲ

ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಮೊದಲ ಗೇಮ್ ಯಂತ್ರ 'ಮ್ಯಾಗ್ನವಾಕ್ಸ್ ಒಡಿಸ್ಸಿ' 1972ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದರ ಹಿಂದಿದ್ದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಎಂಜಿನಿಯರ್ ರಾಲ್ಫ್ ಬೇಯರ್. ಅದರ ಕಂಟ್ರೋಲರುಗಳಿಗೆ ತಂತಿಯಿತ್ತು. 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂದ, ಕ್ಯಾಸೆಟ್ ಚುಚ್ಚಿ ಆಡುವ ಅಗ್ಗದ ಗೇಮ್ ಸೆಟ್ಟುಗಳಿಗೂ ತಂತಿಯಿತ್ತು. ತಂತಿ ಇರುವವರೆಗೆ ಪರಿಚಯದ ಪ್ರಶ್ನೆಯೇ ಇಲ್ಲ. ಯಾವ ತೂತಿಗೆ ಚುಚ್ಚಿದೆಯೋ ಅದೇ ಗುರುತು. ಮೊದಲ ತೂತಿನದು ಒಂದನೆಯ ಆಟಗಾರ, ಎರಡನೆಯದು ತಮ್ಮನ ಪಾಲು.

ತಂತಿ ಕತ್ತರಿಸುವ ಪ್ರಯತ್ನ ಬೇಗನೇ ಶುರುವಾಯಿತು. 1983ರಲ್ಲಿ ಅಟಾರಿ ಕಂಪನಿ ತನ್ನ 2600 ಯಂತ್ರಕ್ಕೆ ರೇಡಿಯೊ ಅಲೆಯ ಜಾಯ್‌ಸ್ಟಿಕ್ಕುಗಳನ್ನು ತಂದಿತು. ಅವು ದಪ್ಪನೆಯ ಬುಡದ ಭಾರೀ ಸಾಧನಗಳು. 1989ರಲ್ಲಿ ನಿಂಟೆಂಡೊ ನಾಲ್ವರು ಆಡುವಂತೆ ಟಿ.ವಿ. ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಿಂದ ಕೆಲಸ ಮಾಡುವ ಸಾಧನವನ್ನು ಮಾಡಿತು. ಬೆಳಕಿಗೆ ಅಡ್ಡ ಯಾರಾದರೂ ಹಾದುಹೋದರೆ ಆಟ ತಪ್ಪುತ್ತಿತ್ತು. 2002ರಲ್ಲಿ ಅದೇ ಕಂಪನಿಯ 'ವೇವ್‌ಬರ್ಡ್' ರೇಡಿಯೊ ಅಲೆಗೆ ಮರಳಿತು. ಅದರಲ್ಲಿ ಒಂದರಿಂದ ಹದಿನಾರರವರೆಗೆ ಅಂಕಿಗಳಿದ್ದ ಪುಟ್ಟ ಚಕ್ರವಿತ್ತು. ಕಂಟ್ರೋಲರಿನ ಅಂಕಿಯೂ ಪೆಟ್ಟಿಗೆಯ ಕಡೆಯ ಅಂಕಿಯೂ ಒಂದೇ ಆಗುವಂತೆ ತಿರುಗಿಸಿದರೆ ಆಟ ಶುರು. ಇದು ಒಂದು ಬಗೆಯ ಜೋಡಿಯೇ ಹೌದು, ಆದರೆ ಗುಟ್ಟಿಲ್ಲದ ಜೋಡಿ. ಪಕ್ಕದ ಕೋಣೆಯವನು ಅದೇ ಅಂಕಿಗೆ ತಿರುಗಿಸಿದರೆ ಎರಡು ಆಟಗಳೂ ಕೆಡುತ್ತಿದ್ದವು.

ಸಂತೆಯೊಳಗಿನ ಪಿಸುಮಾತು

ಇಂದಿನ ಕಂಟ್ರೋಲರುಗಳಲ್ಲಿ ಹೆಚ್ಚಿನವು ಬಳಸುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು, ಅಂದರೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ಅಲೆಗಳನ್ನು. ಇದಕ್ಕಿಂತಲೂ ಸೂಕ್ಷ್ಮವಾದ ಅಲೆಗಳೊಂದಿಗೆ ಪ್ರಯೋಗ ನಡೆಸಿದವರಲ್ಲಿ ಮೊದಲಿಗರು ನಮ್ಮವರೇ ಆದ ಜಗದೀಶ್ ಚಂದ್ರ ಬೋಸ್. 1895ರ ಸುಮಾರಿಗೆ ಕಲ್ಕತ್ತದ ಟೌನ್ ಹಾಲಿನಲ್ಲಿ ಅವರು ಗೋಡೆಗಳಾಚೆಯಿಂದ ಅಲೆ ಕಳಿಸಿ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದರು. ದೂರದಿಂದ ಗುಂಡಿ ಒತ್ತಿ ಟಿ.ವಿ. ತೆರೆಯ ಮೇಲೆ ಬಾಂಬು ಸಿಡಿಸುವ ಮಗುವಿನ ಆಟಕ್ಕೆ ಇದಕ್ಕಿಂತ ಘನವಾದ ಪೂರ್ವಜ ಬೇಕೆ?

ಆದರೆ ಈ 2.4 ಗಿಗಾಹರ್ಟ್ಸ್ ಪಟ್ಟಿ ಖಾಲಿ ಬಯಲಲ್ಲ. ಮನೆಯ ವೈಫೈ, ಇಯರ್‌ಫೋನ್, ಕಂಪ್ಯೂಟರಿನ ಮೌಸ್, ಅಡುಗೆಮನೆಯ ಮೈಕ್ರೊವೇವ್ ಒಲೆ ಎಲ್ಲವೂ ಇಲ್ಲೇ ಇವೆ. ಹಳಿಯಾಳದ ಅಥವಾ ಮುಂಡಗೋಡದ ಸಂತೆಯನ್ನು ನೆನೆಯಿರಿ. ಕನ್ನಡ, ಮರಾಠಿ, ಕೊಂಕಣಿ, ಉರ್ದು, ಮುಂಡಗೋಡದಲ್ಲಾದರೆ ಟಿಬೆಟನ್ ಭಾಷೆ ಕೂಡ ಒಂದೇ ಗಾಳಿಯಲ್ಲಿ ತೇಲುತ್ತಿರುತ್ತವೆ. ಆದರೂ ಮೆಣಸಿನಕಾಯಿ ಮಾರುವವಳಿಗೂ ಕೊಳ್ಳುವವನಿಗೂ ತಮ್ಮ ಮಾತು ಮಾತ್ರ ಕೇಳಿಸುತ್ತದೆ. ಎಲ್ಲರೂ ಬಾಯಿ ಮುಚ್ಚಿದರೆ ಮಾತ್ರ ವ್ಯಾಪಾರ ಎಂದು ಯಾರೂ ಹಟ ಹಿಡಿಯುವುದಿಲ್ಲ.

ಬ್ಲೂಟೂತ್ ಎಂಬ ವ್ಯವಸ್ಥೆ ಈ ಗದ್ದಲದಲ್ಲಿ ಬದುಕುವುದು ಜಿಗಿತದಿಂದ. ಅದರ ಮೂಲ ರೂಪದಲ್ಲಿ ಪಟ್ಟಿಯನ್ನು 79 ಕಿರು ಹಾದಿಗಳಾಗಿ ವಿಂಗಡಿಸಲಾಗಿದೆ. ಸಂಭಾಷಣೆ ಸೆಕೆಂಡಿಗೆ 1600 ಸಲ ಹಾದಿ ಬದಲಿಸುತ್ತದೆ. ಒಂದು ಹಾದಿಯಲ್ಲಿ ನಿಲ್ಲುವುದು ಸೆಕೆಂಡಿನ ಹತ್ತುಲಕ್ಷದ 625 ಭಾಗ ಮಾತ್ರ. ಯಾವುದೋ ಹಾದಿಯಲ್ಲಿ ವೈಫೈ ಅಡ್ಡ ಬಂದರೆ ಅಷ್ಟು ತುಣುಕು ಮಾತ್ರ ಕೆಡುತ್ತದೆ, ಮರುಕ್ಷಣ ಬೇರೆ ಹಾದಿ. 2003ರ ನಂತರದ ಆವೃತ್ತಿಗಳು ಯಾವ ಹಾದಿಗಳಲ್ಲಿ ಸದಾ ಜಗಳವಿದೆ ಎಂದು ಗಮನಿಸಿ ಅವನ್ನು ಬಿಟ್ಟು ಜಿಗಿಯುವುದನ್ನೂ ಕಲಿತಿವೆ.

ಹೀಗೆ ಹಾದಿ ಬದಲಿಸುವ ಯೋಚನೆ ಹಳೆಯದು. ಅದಕ್ಕೊಂದು ಸೊಗಸಾದ ರೂಪ ಕೊಟ್ಟವರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಪ್ರಸಿದ್ಧರು. ನೀರಿನಡಿಯ ಟಾರ್ಪಿಡೊವನ್ನು ಶತ್ರುವಿಗೆ ತಿಳಿಯದಂತೆ ನಡೆಸುವ ಅವರ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಸಿಕ್ಕಿತು. ಹಡಗಿನಲ್ಲೊಂದು, ಟಾರ್ಪಿಡೊದಲ್ಲೊಂದು ತೂತು ಕೊರೆದ ಕಾಗದದ ಸುರುಳಿ. ಎರಡೂ ಒಂದೇ ವೇಗದಲ್ಲಿ ಬಿಚ್ಚಿಕೊಳ್ಳುತ್ತ, ಪಿಯಾನೊದ 88 ಮನೆಗಳಂತೆ 88 ಅಲೆಗಳ ನಡುವೆ ಒಟ್ಟಿಗೆ ಜಿಗಿಯಬೇಕು. ಸುರುಳಿ ಇಲ್ಲದವನಿಗೆ ಕೇಳಿಸುವುದು ಬರೀ ಚೂರುಪಾರು ಸದ್ದು. ಆ ಕಾಲದ ನೌಕಾಪಡೆ ಇದನ್ನು ಬಳಸಲಿಲ್ಲ. ಲಮಾರ್ ಅವರೇ ಬ್ಲೂಟೂತ್ ಕಂಡುಹಿಡಿದರು ಎನ್ನುವುದೂ ಉತ್ಪ್ರೇಕ್ಷೆಯೇ. ಆದರೆ ಒಂದೇ ಸುರುಳಿಯ ಎರಡು ಪ್ರತಿಗಳು ಎಂಬ ಆ ಚಿತ್ರ ಜೋಡಿಯ ಅರ್ಥವನ್ನು ಸೊಗಸಾಗಿ ಹೇಳುತ್ತದೆ. ಕಾಗದದ ಕಾರ್ಖಾನೆಯಿಂದ ಹೆಸರಾದ ದಾಂಡೇಲಿಯ ಓದುಗರಿಗೆ ಆ ಸುರುಳಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಾರದು. ಇಂದು ಕಾಗದದ ಜಾಗದಲ್ಲಿ ಲೆಕ್ಕಾಚಾರವಿದೆ. ಯಜಮಾನ ಯಂತ್ರದ ವಿಳಾಸ ಮತ್ತು ಅದರ ಗಡಿಯಾರ ಇವೆರಡರಿಂದ ಮುಂದಿನ ಹಾದಿ ಯಾವುದು ಎಂಬುದು ಎರಡೂ ಕಡೆ ಒಟ್ಟಿಗೆ ಲೆಕ್ಕವಾಗುತ್ತದೆ.

ಈ ವ್ಯವಸ್ಥೆಯ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾಯಿತು. ಡಚ್ ಎಂಜಿನಿಯರ್ ಯಾಪ್ ಹಾರ್ಟ್ಸೆನ್ ಅದರ ಮುಖ್ಯ ರೂವಾರಿ. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐ.ಬಿ.ಎಂ., ತೋಷಿಬಾ ಸೇರಿ ಕೂಟ ಕಟ್ಟಿಕೊಂಡವು. ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡ್ 'ನೀಲಿಹಲ್ಲ'ನದು. ಚದುರಿದ್ದ ಜನರನ್ನು ಒಂದುಗೂಡಿಸಿದವನೆಂಬ ಖ್ಯಾತಿ ಅವನಿಗಿದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ವ್ಯವಸ್ಥೆಗೆ ಈ ಹೆಸರನ್ನು ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಾಕ್. 2006ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3 ಮತ್ತು ನಿಂಟೆಂಡೊ ವೀ ಎರಡೂ ಬ್ಲೂಟೂತನ್ನೇ ಬಳಸಿದವು. ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ ತನ್ನದೇ ಬೇರೆ ರೇಡಿಯೊ ಭಾಷೆಯನ್ನು ಇಟ್ಟುಕೊಂಡಿತು, 2016ರಿಂದ ತನ್ನ ಕಂಟ್ರೋಲರುಗಳಿಗೆ ಬ್ಲೂಟೂತನ್ನೂ ಸೇರಿಸಿತು.

ಲೈಸೆನ್ಸು ಬೇಡದ ಗಾಳಿ

ಇಷ್ಟೆಲ್ಲ ಆದರೂ ಸರ್ಕಾರ ಒಪ್ಪದಿದ್ದರೆ ಈ ಆಟಿಕೆ ನಮ್ಮ ಮನೆಗೆ ಬರುವಂತಿರಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಮನೆಯ ರೇಡಿಯೊಗೆ ಅಂಚೆ ಕಚೇರಿಯಲ್ಲಿ ವರ್ಷಾವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡ ನೆನಪು ಹಿರಿಯರಲ್ಲಿ ಇನ್ನೂ ಇದೆ. ಅಮೆರಿಕ 1985ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಇಂಥ ಕಡಿಮೆ ಶಕ್ತಿಯ ಸಂಪರ್ಕಗಳಿಗೆ ಲೈಸೆನ್ಸಿಲ್ಲದೆ ತೆರೆಯಿತು. ಭಾರತ ಸರ್ಕಾರ 2005ರ ಜನವರಿಯಲ್ಲಿ ನಿಯಮ ಹೊರಡಿಸಿ ಅದೇ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಊರಿನ ಗೋಮಾಳ ಹೇಗೋ ಹಾಗೆ ಇದು ಗಾಳಿಯ ಗೋಮಾಳ. ಯಾರು ಬೇಕಾದರೂ ಮೇಯಿಸಬಹುದು, ಆದರೆ ಬೇಲಿ ಹಾಕಿ ನನ್ನದು ಎನ್ನುವಂತಿಲ್ಲ. ಗೋಮಾಳದಲ್ಲಿ ನನ್ನ ಹಸು ಯಾವುದು, ನಿನ್ನದು ಯಾವುದು ಎಂದು ತಿಳಿಯಲು ಗುರುತು ಬೇಕೇ ಬೇಕು. ಆ ಗುರುತೇ ಪೇರಿಂಗ್.

ಗುಟ್ಟು ಹುಟ್ಟುವ ಬಗೆ

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಸಾಧಾರಣ ಸ್ಥಿತಿಯಲ್ಲಿ ಕಂಟ್ರೋಲರ್ ಹೊಸಬರಿಗೆ ಓಗೊಡುವುದಿಲ್ಲ. ಪೇರಿಂಗ್ ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ಅದರ ದೀಪ ಬೇಗಬೇಗ ಮಿನುಗುತ್ತದೆ. 'ನಾನು ಇಲ್ಲಿದ್ದೇನೆ, ಹೊಸ ಪರಿಚಯಕ್ಕೆ ಸಿದ್ಧ' ಎಂದು ಅದರ ಅರ್ಥ. ಪೆಟ್ಟಿಗೆಯನ್ನೂ ಅದೇ ಹೊತ್ತಿಗೆ ಹುಡುಕುವಂತೆ ಮಾಡಬೇಕು. ಎಕ್ಸ್‌ಬಾಕ್ಸಿನಲ್ಲಿ ಪೆಟ್ಟಿಗೆಯ ಪುಟ್ಟ ಗುಂಡಿ ಒತ್ತಿ, ಸುಮಾರು 20 ಸೆಕೆಂಡಿನೊಳಗೆ ಕಂಟ್ರೋಲರಿನ ಗುಂಡಿಯನ್ನು ಒತ್ತಿ ಹಿಡಿಯಬೇಕು. ಪ್ಲೇಸ್ಟೇಷನ್ನಿನಲ್ಲಿ ಯು.ಎಸ್.ಬಿ. ತಂತಿಯಿಂದ ಒಮ್ಮೆ ಜೋಡಿಸಿ ನಡುವಿನ ಪಿ.ಎಸ್. ಗುಂಡಿ ಒತ್ತಿದರೆ ಸಾಕು, ಆಮೇಲೆ ತಂತಿ ತೆಗೆಯಬಹುದು. ನಿಂಟೆಂಡೊ ಸ್ವಿಚ್‌ನಲ್ಲಿ ಜಾಯ್-ಕಾನ್‌ಗಳನ್ನು ಪಕ್ಕದ ಗಾಡಿಗೆ ಸರಿಸಿ ಕೂರಿಸಿದರೆ ಪರಿಚಯ ಮುಗಿಯಿತು.

ಕೆಲವರು ಯು.ಎಸ್.ಬಿ. ತಂತಿಯ ಕೆಲಸ ಬರೀ ಚಾರ್ಜ್ ಮಾಡುವುದು ಎಂದುಕೊಳ್ಳುತ್ತಾರೆ. ಪರಿಚಯದ ವಿವರಗಳೂ ಅದರೊಳಗೇ ಸಾಗುತ್ತವೆ. ಆದ್ದರಿಂದ ವಿದ್ಯುತ್ತನ್ನು ಮಾತ್ರ ಒಯ್ಯುವ ಅಗ್ಗದ ತಂತಿ ಹಾಕಿದರೆ ದೀಪ ಉರಿಯುತ್ತದೆ, ಜೋಡಿ ಮಾತ್ರ ಆಗುವುದಿಲ್ಲ. ಕಂಟ್ರೋಲರ್ ಕೆಟ್ಟಿದೆ ಎಂದು ಎಸೆಯುವ ಮೊದಲು ತಂತಿ ಬದಲಿಸಿ ನೋಡಬೇಕಾದ ಕಾರಣ ಇದೇ.

ಗಾಳಿಯಲ್ಲೇ ಪರಿಚಯವಾಗುವಾಗ ಗುಟ್ಟನ್ನು ಕೊಟ್ಟುಕೊಳ್ಳುವುದು ಹೇಗೆ? ಗಾಳಿಯಲ್ಲಿ ಹೇಳಿದ್ದನ್ನು ಎಲ್ಲರೂ ಕೇಳಬಹುದಲ್ಲ? ಹಿಂದೆ ಎರಡೂ ಕಡೆ ಒಂದೇ ಅಂಕಿ ಒತ್ತಬೇಕಿತ್ತು. ಎಷ್ಟೋ ಸಾಧನಗಳಲ್ಲಿ ಅದು ನಾಲ್ಕು ಸೊನ್ನೆ, ಅಂದರೆ ಊರಿಗೆಲ್ಲ ಗೊತ್ತಿದ್ದ ಗುಟ್ಟು. 2007ರ ಆವೃತ್ತಿಯಿಂದ ಬ್ಲೂಟೂತ್ ಬೇರೆ ಉಪಾಯ ಹಿಡಿಯಿತು. ಅದರ ಬೇರು ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು 1976ರಲ್ಲಿ ಪ್ರಕಟಿಸಿದ ಗಣಿತದಲ್ಲಿದೆ.

ಹೋಳಿಯ ಬಣ್ಣಗಳಿಂದ ಇದನ್ನು ವಿವರಿಸಬಹುದು. ಇಬ್ಬರು ಎಲ್ಲರೆದುರು ಹಳದಿ ಬಣ್ಣವನ್ನು ಆರಿಸಿಕೊಳ್ಳುತ್ತಾರೆ. ಮನೆಯೊಳಗೆ ಹೋಗಿ ಒಬ್ಬ ತನ್ನ ಗುಟ್ಟಿನ ಕೆಂಪನ್ನೂ ಇನ್ನೊಬ್ಬ ತನ್ನ ಗುಟ್ಟಿನ ನೀಲಿಯನ್ನೂ ಬೆರೆಸುತ್ತಾರೆ. ಬೆರೆಸಿದ ಬಣ್ಣಗಳನ್ನು ಬೀದಿಯಲ್ಲೇ ಅದಲುಬದಲು ಮಾಡಿಕೊಳ್ಳುತ್ತಾರೆ. ಮತ್ತೆ ಒಳಗೆ ಹೋಗಿ ಬಂದ ಬಣ್ಣಕ್ಕೆ ತಮ್ಮ ತಮ್ಮ ಗುಟ್ಟಿನ ಬಣ್ಣ ಸೇರಿಸುತ್ತಾರೆ. ಈಗ ಇಬ್ಬರ ಬಳಿಯೂ ಹಳದಿ, ಕೆಂಪು, ನೀಲಿ ಮೂರೂ ಬೆರೆತ ಒಂದೇ ಬಣ್ಣವಿದೆ. ಬೀದಿಯಲ್ಲಿ ನಿಂತು ನೋಡಿದವನಿಗೆ ಕಂಡದ್ದು ಬೆರೆತ ಬಣ್ಣಗಳು ಮಾತ್ರ. ಬೆರೆತದ್ದನ್ನು ಬೇರೆ ಮಾಡಲಾಗದ ಕಾರಣ ಕೊನೆಯ ಬಣ್ಣ ಅವನಿಗೆ ದಕ್ಕದು. ಯಂತ್ರಗಳು ಬಣ್ಣದ ಬದಲು ದೊಡ್ಡ ಸಂಖ್ಯೆಗಳನ್ನು ಬೆರೆಸುತ್ತವೆ. ಹೀಗೆ ಹುಟ್ಟಿದ ಗುಟ್ಟಿನಿಂದ 128 ಬಿಟ್ಟುಗಳ ಕೀಲಿಸಂಖ್ಯೆಯೊಂದನ್ನು ಮಾಡಿ ಎರಡೂ ತಮ್ಮ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ.

ಮರುದಿನ ಗುಂಡಿ ಒತ್ತಿದಾಗ ಆ ಸಂಖ್ಯೆಯನ್ನು ಯಾವುದೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಯಾವುದೋ ಹೊಸ ಸಂಖ್ಯೆಯನ್ನು ಸವಾಲಾಗಿ ಎಸೆಯುತ್ತದೆ, ಇನ್ನೊಂದು ಆ ಸವಾಲನ್ನು ತನ್ನ ಗುಟ್ಟಿನೊಡನೆ ಸೇರಿಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಕಳಿಸುತ್ತದೆ. ಉತ್ತರ ಸರಿಯಿದ್ದರೆ ಒಳಗೆ ಬಿಡುತ್ತದೆ. ಮುಂದಿನ ಸಲ ಸವಾಲೇ ಬೇರೆ, ಆದ್ದರಿಂದ ಹಳೆಯ ಉತ್ತರ ಕದ್ದು ಕೇಳಿದವನಿಗೆ ಲಾಭವಿಲ್ಲ.

ಈ ಉಪಾಯಕ್ಕೂ ಒಂದು ಮಿತಿಯಿದೆ. ಬಣ್ಣ ಬದಲಿಸಿಕೊಂಡದ್ದು ಯಾರ ಜೊತೆ ಎಂಬುದನ್ನು ಗಣಿತ ಹೇಳದು. ನಡುವೆ ನಿಂತ ಕಪಟಿ ಇಬ್ಬರ ಜೊತೆಗೂ ಬೇರೆ ಬೇರೆ ಬಣ್ಣ ಬೆರೆಸಬಹುದು. ಫೋನುಗಳಲ್ಲಾದರೆ ಎರಡೂ ಪರದೆಗಳ ಮೇಲೆ ಆರಂಕಿಯ ಸಂಖ್ಯೆ ತೋರಿಸಿ, ಎರಡೂ ಒಂದೆಯೇ ಎಂದು ನಮ್ಮನ್ನು ಕೇಳುವುದು ಇದಕ್ಕೇ. ಕಂಟ್ರೋಲರಿಗೆ ಅಂಥ ಪರದೆಯಿಲ್ಲ. ಅದರ ಕಾವಲು ಎಂದರೆ ಸ್ವಲ್ಪ ಹೊತ್ತು ಮಾತ್ರ ತೆರೆದಿರುವ ಬಾಗಿಲು ಮತ್ತು ಗುಂಡಿಯ ಮೇಲಿರುವ ನಮ್ಮ ಬೆರಳು. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ರೈಲು ನಿಲ್ದಾಣ ಒಂದು ಕಾಲಕ್ಕೆ ಪೋರ್ಚುಗೀಸರ ಗೋವೆಯ ಗಡಿಯ ಬಾಗಿಲಾಗಿತ್ತು. 1961ರಲ್ಲಿ ಗೋವೆ ವಿಮೋಚನೆಯಾಗುವ ಮೊದಲು ಅಲ್ಲಿ ಪ್ರಯಾಣಿಕರನ್ನು ತಪಾಸಣೆ ಮಾಡುತ್ತಿದ್ದ ಕಾಲವಿತ್ತು. ಕಾಗದಪತ್ರ ಎಷ್ಟೇ ಸರಿಯಿದ್ದರೂ ಎದುರು ನಿಂತು ಮುಖ ನೋಡುವ ಒಬ್ಬ ಮನುಷ್ಯ ಬೇಕಿತ್ತು. ಪೇರಿಂಗ್ ಹೊತ್ತಿನಲ್ಲಿ ಆ ಕಾವಲಿನವನ ಜಾಗದಲ್ಲಿ ನಿಂತಿರುವವರು ನಾವು.

ದುಷ್ಯಂತನ ಮರೆವು

ಜೋಡಿ ಕೆಡುವುದು ಸಾಮಾನ್ಯವಾಗಿ ಮರೆವಿನಿಂದ. ಶಕುಂತಲೆಯ ಕಥೆಯಂತೆ ಇಲ್ಲಿ ಒಂದು ಕಡೆ ನೆನಪಿದ್ದು ಇನ್ನೊಂದು ಕಡೆ ಅಳಿಸಿಹೋಗಿರುತ್ತದೆ. ಕಂಟ್ರೋಲರನ್ನು ಹೋಂ ಸ್ಟೇಗೆ ಬಂದ ಹುಡುಗ ತನ್ನ ಫೋನಿಗೆ ಜೋಡಿಸಿ ಆಡಿ ಹೊರಟುಹೋಗಿರುತ್ತಾನೆ. ಹಲವು ಕಂಟ್ರೋಲರುಗಳು ಕೊನೆಯ ಒಡೆಯನನ್ನು ಮಾತ್ರ ನೆನಪಿಡುತ್ತವೆ. ಪೆಟ್ಟಿಗೆಗೆ ಇದು ಗೊತ್ತಿದೆ, ಇದಕ್ಕೆ ಪೆಟ್ಟಿಗೆ ಮರೆತಿದೆ. ಆಗ ಮಾಡಬೇಕಾದದ್ದು ಇಷ್ಟೇ. ಪೆಟ್ಟಿಗೆಯ ಪಟ್ಟಿಯಿಂದ ಹಳೆಯ ಹೆಸರನ್ನು ಅಳಿಸಿ, ಹೊಸದಾಗಿ ಪರಿಚಯ ಮಾಡಿಸುವುದು. ಪ್ಲೇಸ್ಟೇಷನ್ 4 ಮತ್ತು 5ರ ಕಂಟ್ರೋಲರುಗಳ ಬೆನ್ನಿನಲ್ಲಿ ಪುಟ್ಟ ತೂತಿದೆ. ಪೆಟ್ಟಿಗೆಯನ್ನು ಆರಿಸಿ, ಆ ತೂತಿನೊಳಗಿನ ಗುಂಡಿಯನ್ನು ಪಿನ್ನಿನಿಂದ ಕೆಲವು ಸೆಕೆಂಡು ಒತ್ತಿದರೆ ಅದರ ಹಳೆಯ ನೆನಪು ಅಳಿಯುತ್ತದೆ. ಇದನ್ನು ತಿಳಿಯದೆ ಸಾವಿರಾರು ರೂಪಾಯಿಯ ಹೊಸ ಕಂಟ್ರೋಲರ್ ಕೊಳ್ಳುವವರಿದ್ದಾರೆ.

ಪೇಟೆಯಲ್ಲಿ ಸಿಗುವ ಅಗ್ಗದ ಗೇಮ್ ಕಡ್ಡಿಗಳದು ಬೇರೆ ಕಥೆ. ಅವುಗಳ ಜೊತೆ ಹೆಬ್ಬೆರಳ ಗಾತ್ರದ ಯು.ಎಸ್.ಬಿ. ತುಂಡೊಂದು ಬರುತ್ತದೆ. ಜೋಡಿ ಕಾರ್ಖಾನೆಯಲ್ಲೇ ಆಗಿರುತ್ತದೆ, ಗುಟ್ಟು ಆ ತುಂಡಿನಲ್ಲಿದೆ. ಅದು ಕಳೆದರೆ ಕಂಟ್ರೋಲರುಗಳೆರಡೂ ನಿರುಪಯುಕ್ತ. ಉಂಗುರವನ್ನು ನುಂಗಿದ ಮೀನು ಮತ್ತೆ ಸಿಗುವ ಭಾಗ್ಯ ಎಲ್ಲರಿಗೂ ಇಲ್ಲ.

ಜೋಡಿಯಾದ ಮೇಲೂ ಆಟ ತಡವರಿಸಿದರೆ ಮೊದಲು ಬ್ಯಾಟರಿ ನೋಡಬೇಕು. ನಂತರ ಪೆಟ್ಟಿಗೆ ಇಟ್ಟ ಜಾಗ. ಈ ಅಲೆಗಳನ್ನು ನೀರು ಹೀರುತ್ತದೆ, ಲೋಹ ತಡೆಯುತ್ತದೆ. ನೀರೇ ಹೆಚ್ಚಾಗಿರುವ ಮನುಷ್ಯನ ಮೈ ಕೂಡ ಅಡ್ಡಿಯೇ. ಕಬ್ಬಿಣದ ಕಪಾಟಿನೊಳಗೋ ಟಿ.ವಿ.ಯ ಹಿಂದೆಯೋ ಪೆಟ್ಟಿಗೆಯನ್ನು ಮುಚ್ಚಿಡದೆ ಆಟಗಾರನ ಕಣ್ಣಿಗೆ ಕಾಣುವಂತೆ ಇಡುವುದು ಒಳ್ಳೆಯದು.

ಮರೆಯಿಸುವುದೂ ಒಂದು ಕರ್ತವ್ಯ

ಇದು ಬರೀ ಆಟದ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮಗು ಕಂಟ್ರೋಲರಿನಲ್ಲಿ ಕಲಿಯುವ ಈ ಪರಿಚಯದ ಕ್ರಮವೇ ಫೋನು, ಇಯರ್‌ಫೋನು, ಕಾರುಗಳಲ್ಲೂ ನಡೆಯುತ್ತದೆ. ಬಾಡಿಗೆ ಕಾರಿನಲ್ಲಿ ಹಾಡು ಕೇಳಲೆಂದು ಫೋನನ್ನು ಸ್ಟೀರಿಯೊಗೆ ಜೋಡಿಸಿ, ಕೇಳಿದ್ದಕ್ಕೆಲ್ಲ 'ಸರಿ' ಎಂದು ಒತ್ತಿದರೆ ನಮ್ಮ ಬಂಧುಬಳಗದ ಫೋನ್ ನಂಬರುಗಳೆಲ್ಲ ಆ ಸ್ಟೀರಿಯೊದೊಳಗೆ ಇಳಿಯಬಹುದು. ಇಳಿಯುವ ಮೊದಲು ಅಲ್ಲಿಂದ ನಮ್ಮ ಫೋನಿನ ಹೆಸರನ್ನು ಅಳಿಸುವವರು ಎಷ್ಟು ಜನ? 2019ರಲ್ಲಿ ಸಂಶೋಧಕರು, ಬ್ಲೂಟೂತ್ ಸಂಭಾಷಣೆಗೆ ಬೀಗ ಹಾಕುವ ಗುಟ್ಟನ್ನು ಹೊರಗಿನವರು ಸುಲಭವಾಗಿ ಊಹಿಸುವಷ್ಟು ಚಿಕ್ಕದಾಗಿಸಬಲ್ಲ ದೋಷವೊಂದನ್ನು ತೋರಿಸಿಕೊಟ್ಟರು. ಕಂಪನಿಗಳು ತಿದ್ದುಪಡಿ ಹೊರಡಿಸಿದವು. ಅಪ್‌ಡೇಟ್ ಎಂದು ಯಂತ್ರ ಕೇಳಿದಾಗ ಬೇಸರಪಡದೆ ಒಪ್ಪಬೇಕಾದದ್ದು ಇಂಥ ಕಾರಣಕ್ಕೆ. ನಾವು ಕೇಳದೆಯೇ ಪರದೆಯ ಮೇಲೆ ಪೇರಿಂಗ್ ಕೋರಿಕೆ ಬಂದರೆ ಬೇಡವೆಂದು ಒತ್ತುವುದೇ ಸರಿ. ಹಳೆಯ ಗೇಮ್ ಪೆಟ್ಟಿಗೆಯನ್ನೋ ಫೋನನ್ನೋ ಮಾರುವಾಗ ಅದರ ನೆನಪನ್ನೆಲ್ಲ ಒರೆಸಿ ಕೊಡಬೇಕು, ಕೊಂಡವರು ಮತ್ತೊಮ್ಮೆ ಒರೆಸಿಕೊಳ್ಳಬೇಕು.

ಹಿಂದಿನ ಮನೆಗಳಲ್ಲಿ ಕತ್ತಲಾದ ಮೇಲೆ ಬಾಗಿಲು ತಟ್ಟಿದವರನ್ನು 'ಯಾರದು?' ಎಂದು ಕೇಳಿ, ದನಿಯ ಗುರುತು ಸಿಕ್ಕ ಮೇಲೆಯೇ ಅಗುಳಿ ತೆಗೆಯುತ್ತಿದ್ದರು. ಬಂದವರನ್ನು ಅವಮಾನಿಸುವ ಉದ್ದೇಶ ಅದರಲ್ಲಿರಲಿಲ್ಲ. ಮಿನುಗುವ ದೀಪವನ್ನು ನೋಡುತ್ತ ಕೂತ ಮಗುವಿಗೆ ಗುಂಡಿ ಯಾವುದೆಂದು ಹೇಳಿಕೊಡಬೇಕಾಗಿಲ್ಲ, ಅದು ನಮಗಿಂತ ಮೊದಲೇ ಕಂಡುಕೊಂಡಿರುತ್ತದೆ. ಅಗುಳಿ ತೆಗೆಯುವ ಮುನ್ನ 'ಯಾರದು?' ಎಂದು ಕೇಳುವ ಅಭ್ಯಾಸವನ್ನು ಮಾತ್ರ ಮನೆಯ ಹಿರಿಯರೇ ಹೇಳಿಕೊಡಬೇಕು.